ಮೀಟರಿನ ಕೆಂಪು ಮಿಣುಕು

ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪನ್ನವಾದ ವಿದ್ಯುಚ್ಛಕ್ತಿ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಅಂದಿನಿಂದ ನೂರಿಪ್ಪತ್ತು ವರ್ಷಗಳು ಸಂದಿವೆ. ಇಂದು ನಮ್ಮ ನಾಡಿನಲ್ಲಿ ವಿದ್ಯುತ್ತಿಲ್ಲದ ಮನೆ ಅಪರೂಪ. ಆದರೆ ತಿಂಗಳಿಗೊಮ್ಮೆ ಬಾಗಿಲಿಗೆ ಬರುವ ವಿದ್ಯುತ್ ಚೀಟಿಯ ಕಡೆಯ ಸಾಲನ್ನಲ್ಲದೆ ಉಳಿದುದನ್ನೂ ಓದಿ, ಈ ಅಂಕಿ ಹೇಗೆ ಬಂದಿತೆಂದು ವಿಚಾರಿಸುವವರು ಎಷ್ಟು ಮಂದಿ? ಭೌತಶಾಸ್ತ್ರದ ಪರೀಕ್ಷೆಯಲ್ಲಿ ಕಿಲೊವಾಟ್-ಗಂಟೆಯ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದ ವಿದ್ಯಾರ್ಥಿಯೂ ತನ್ನ ಮನೆಯ ಗೋಡೆಯ ಮೇಲಿರುವ ಮೀಟರನ್ನು ಒಮ್ಮೆಯಾದರೂ ನಿಂತು ನೋಡಿರುವುದಿಲ್ಲ.

೨೦೨೪ರ ಡಿಸೆಂಬರಿನಲ್ಲಿ ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ಇಂಥದೊಂದು ಚೀಟಿಯನ್ನು ಹಿಡಿದುಕೊಂಡು ಬಂದನು. ಅವನ ಮನೆಯಲ್ಲಿ ಖರ್ಚಾಗುತ್ತಿದ್ದುದು ತಿಂಗಳಿಗೆ ಸುಮಾರು ೧೮೫ ಯೂನಿಟ್. ಆ ತಿಂಗಳು ೨೧೦ ಆಗಿತ್ತು. ಇಪ್ಪತ್ತೈದು ಯೂನಿಟ್ ಹೆಚ್ಚಾದರೆ ಏನು ಮಹಾ ಎಂದು ಕೇಳಬಹುದು. ಕರ್ಣಾಟಕದಲ್ಲಿ ೨೦೨೩ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ನಿಯಮವನ್ನು ಇಲ್ಲಿ ನೆನೆಯಬೇಕು. ಹಿಂದಿನ ವರ್ಷದ ಸರಾಸರಿ ಬಳಕೆಗೆ ನೂರಕ್ಕೆ ಹತ್ತರಷ್ಟನ್ನು ಸೇರಿಸಿ, ೨೦೦ ಯೂನಿಟ್ಟನ್ನು ಮೀರದಂತೆ, ಪ್ರತಿ ಮನೆಗೂ ಒಂದು ಮಿತಿಯನ್ನು ಅಂದು ಗೊತ್ತುಪಡಿಸಲಾಯಿತು. ಆ ಮಿತಿಯೊಳಗಿದ್ದರೆ ಶುಲ್ಕವಿಲ್ಲ. ಬಳಕೆ ೨೦೦ನ್ನು ದಾಟಿತೆಂದರೆ ದಾಟಿದ ಭಾಗಕ್ಕೆ ಮಾತ್ರವಲ್ಲ, ಇಡೀ ಬಳಕೆಗೂ ಹಣ ತೆರಬೇಕು. ಹೀಗಾಗಿ ಹಿಂದಿನ ತಿಂಗಳವರೆಗೆ ಸೊನ್ನೆಯಿದ್ದ ಚೀಟಿಯಲ್ಲಿ ಈಗ ಸಾವಿರಕ್ಕೂ ಮಿಕ್ಕಿದ ಮೊತ್ತ ಕಾಣಿಸಿಕೊಂಡಿತ್ತು. ತಂದೆಯವರ ಕೋಪವೆಲ್ಲ ಮಕ್ಕಳ ಮೇಲೆ ತಿರುಗಿತ್ತು: ರಾತ್ರಿಯೆಲ್ಲ ದೀಪ ಉರಿಸಿಕೊಂಡು ಓದುವ ನೆಪದಲ್ಲಿ ಕುಳಿತಿರುತ್ತಾರೆ ಎಂದು. "ದೀಪದಿಂದಲೇ ಇಷ್ಟಾಗಬಹುದೇ?" ಎಂಬುದು ಹುಡುಗನ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ. ಉತ್ತರವನ್ನು ಊಹೆಯಿಂದ ಹೇಳುವುದಕ್ಕಿಂತ ಅಳೆದು ಹೇಳುವುದು ಮೇಲೆಂದು ಇಬ್ಬರೂ ಅಳೆಯಲು ಹೊರಟೆವು. ಆ ಅಳತೆಯ ಕಥೆಯೇ ಈ ಲೇಖನ.

ಮೊದಲು ಯೂನಿಟ್ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ವಾಟ್ ಎಂಬುದು ಸಾಮರ್ಥ್ಯದ ಮಾನ, ಅಂದರೆ ಶಕ್ತಿ ವ್ಯಯವಾಗುವ ವೇಗದ ಮಾನ. ಒಂದು ಸೆಕೆಂಡಿಗೆ ಒಂದು ಜೂಲ್ ಶಕ್ತಿ ವ್ಯಯವಾದರೆ ಅದು ಒಂದು ವಾಟ್. ೧೦೦೦ ವಾಟ್ ವೇಗದಲ್ಲಿ ಒಂದು ಗಂಟೆಯ ಕಾಲ ಶಕ್ತಿ ವ್ಯಯವಾದಾಗ ಒಟ್ಟು ೩೬ ಲಕ್ಷ ಜೂಲ್ ಆಗುವುದು; ಅದೇ ಒಂದು ಕಿಲೊವಾಟ್-ಗಂಟೆ, ಚೀಟಿಯ ಭಾಷೆಯಲ್ಲಿ ಒಂದು ಯೂನಿಟ್. ನಾವು ಹಣ ಕೊಡುವುದು ಶಕ್ತಿಗೆ. ಐದು ನಿಮಿಷ ಉರಿಯುವ ೨೦೦೦ ವಾಟಿನ ಉಪಕರಣಕ್ಕಿಂತ ಹಗಲಿರುಳೂ ನಡೆಯುವ ೧೦ ವಾಟಿನ ಉಪಕರಣ ಹೆಚ್ಚು ತಿನ್ನಬಹುದು.

ಮೂವತ್ತಾರು ಲಕ್ಷ ಜೂಲ್ ಎಂಬುದು ಎಷ್ಟು ಶಕ್ತಿ? ಮೈಸೂರಿನ ಚಾಮುಂಡಿ ಬೆಟ್ಟ ಊರಿನ ಮಟ್ಟದಿಂದ ಸುಮಾರು ೩೦೦ ಮೀಟರ್ ಎತ್ತರಕ್ಕಿದೆ. ೬೦ ಕಿಲೊಗ್ರಾಂ ತೂಕದ ಮನುಷ್ಯನೊಬ್ಬನು ಮೆಟ್ಟಿಲು ಹತ್ತಿ ದೇವಿಯ ದರ್ಶನಕ್ಕೆ ಹೋದರೆ ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಅವನು ಮಾಡುವ ಕೆಲಸ ೬೦ × ೯.೮ × ೩೦೦, ಎಂದರೆ ಸುಮಾರು ೧,೭೬,೦೦೦ ಜೂಲ್. ಈ ಲೆಕ್ಕದಂತೆ ಇಪ್ಪತ್ತು ಸಲ ಬೆಟ್ಟ ಹತ್ತಿದಾಗ ಒಂದು ಯೂನಿಟ್ ಆಗುವುದು! ಇಷ್ಟು ದುಡಿಮೆಯನ್ನು ಗೋಡೆಯ ಎರಡು ರಂಧ್ರಗಳು ಸುಮಾರು ಆರು ರೂಪಾಯಿಗೆ ಒದಗಿಸುತ್ತವೆ. (ದರ ಊರಿಗೂ ವರ್ಷಕ್ಕೂ ಬೇರೆಯಾಗುವುದರಿಂದ ಮುಂದಿನ ಲೆಕ್ಕಗಳಲ್ಲೆಲ್ಲ ಯೂನಿಟ್ಟಿಗೆ ೬ ರೂಪಾಯಿಯೆಂದು ಇಟ್ಟುಕೊಳ್ಳುತ್ತೇನೆ.) ವಿದ್ಯುತ್ತು ದುಬಾರಿಯೆಂದು ಗೊಣಗುವಾಗ ಇದನ್ನೂ ಒಮ್ಮೆ ನೆನೆಯುವುದು ನ್ಯಾಯ.

ಇನ್ನು ಮೀಟರಿನ ಸಂಗತಿ. ಹಳೆಯ ಮೀಟರುಗಳಲ್ಲಿ ಒಂದು ಅಲ್ಯೂಮಿನಿಯಮ್ ತಟ್ಟೆ ತಿರುಗುತ್ತಿದ್ದಿತು. ಅದರ ಸುತ್ತುಗಳನ್ನು ಎಣಿಸಿ ಬಳಕೆಯನ್ನು ತಿಳಿಯಬಹುದಾಗಿತ್ತು. ಇಂದಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆಯ ಬದಲು ಒಂದು ಚಿಕ್ಕ ಕೆಂಪು ದೀಪವಿದೆ. ಅದು ಆಗಾಗ ಮಿಣುಕುತ್ತಿರುವುದನ್ನು ನೀವು ಕಂಡಿರಬಹುದು. ಅದು ಬರಿಯ ಅಲಂಕಾರವಲ್ಲ. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕುಗಳೆಂಬುದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದು. ನಮ್ಮ ಕಡೆಯ ಅನೇಕ ಮೀಟರುಗಳಲ್ಲಿ ಅದು ೩೨೦೦. ೩೬ ಲಕ್ಷವನ್ನು ೩೨೦೦ರಿಂದ ಭಾಗಿಸಿದರೆ ೧೧೨೫ ಬರುವುದು. ಎಂದರೆ ಪ್ರತಿಯೊಂದು ಮಿಣುಕಿಗೂ ೧೧೨೫ ಜೂಲ್ ಶಕ್ತಿ ಮನೆಯೊಳಗೆ ಹೋಗಿದೆಯೆಂದು ಅರ್ಥ. ಎರಡು ಮಿಣುಕುಗಳ ನಡುವಣ ಸೆಕೆಂಡುಗಳಿಂದ ೧೧೨೫ನ್ನು ಭಾಗಿಸಿದರೆ ಆ ಕ್ಷಣದಲ್ಲಿ ಮನೆ ಬಳಸುತ್ತಿರುವ ಸಾಮರ್ಥ್ಯ ವಾಟುಗಳಲ್ಲಿ ದೊರೆಯುವುದು. ಕೈಗಡಿಯಾರವೊಂದಿದ್ದರೆ ಸಾಕು, ಪ್ರಯೋಗಶಾಲೆ ಬೇಕಿಲ್ಲ. ಮೀಟರಿನ ಪೆಟ್ಟಿಗೆಯನ್ನಾಗಲಿ ತಂತಿಗಳನ್ನಾಗಲಿ ಮುಟ್ಟುವ ಅಗತ್ಯ ಸರ್ವಥಾ ಇಲ್ಲ, ಮುಟ್ಟಲೂ ಕೂಡದು. ದೂರದಿಂದ ನೋಡುವುದಷ್ಟೆ ನಮ್ಮ ಕೆಲಸ.

ಒಂದು ಭಾನುವಾರ ಮಧ್ಯಾಹ್ನ ಹುಡುಗನ ಮನೆಯಲ್ಲಿ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಶೀತಪೆಟ್ಟಿಗೆಯ ಪ್ಲಗ್ಗನ್ನು ಸಹ ಕಿತ್ತು, ಒಂದೊಂದೇ ಉಪಕರಣವನ್ನು ನಡೆಸಿ ನೋಡುವುದೆಂದು ನಿಶ್ಚಯಿಸಿದೆವು. ಎಲ್ಲವೂ ಆರಿದಾಗ ಕೆಂಪು ದೀಪವೂ ಸುಮ್ಮನಿರಬೇಕಲ್ಲವೆ? ಅದು ಸುಮ್ಮನಿರಲಿಲ್ಲ. ೨೪ ಸೆಕೆಂಡಿಗೊಮ್ಮೆ, ಗಡಿಯಾರದಷ್ಟು ಕ್ರಮವಾಗಿ, ಮಿಣುಕುತ್ತಲೇ ಇದ್ದಿತು. ೧೧೨೫ ಭಾಗಿಸು ೨೪: ಸುಮಾರು ೪೭ ವಾಟ್. ಏನೂ ನಡೆಯದ ಮನೆಯಲ್ಲಿ ೪೭ ವಾಟ್ ಎಲ್ಲಿಗೆ ಹೋಗುತ್ತಿದೆ?

ಮನೆಯ ವಿದ್ಯುತ್ ಹಂಚಿಕೆಯ ಪೆಟ್ಟಿಗೆಯಲ್ಲಿ ಒಂದೊಂದು ಶಾಖೆಗೂ ಒಂದೊಂದು ಕೀಲಿಯಿರುವುದಷ್ಟೆ. ಅವನ್ನು ಒಂದಾದ ಮೇಲೊಂದರಂತೆ ಇಳಿಸುತ್ತ ಬಂದೆವು. ಬಚ್ಚಲುಮನೆಯ ಗೀಸರಿನ ಕೀಲಿಯನ್ನು ಇಳಿಸಿದೊಡನೆ ಮಿಣುಕು ನಿಂತಿತು. ಆದರೆ ಗೀಸರಿನ ಗೋಡೆಯ ಸ್ವಿಚ್ಚು ಆಗಲೇ ಆರಿದ್ದಿತು! ಹುಡುಗನ ತಾಯಿಯವರು ಆಗ ಒಂದು ಮಾತು ಹೇಳಿದರು: "ಒಂದೆರಡು ತಿಂಗಳಿಂದ ಬೆಳಿಗ್ಗೆ ಸ್ವಿಚ್ಚು ಹಾಕುವ ಮೊದಲೇ ನೀರು ಬೆಚ್ಚಗಿರುತ್ತದೆ. ರಾತ್ರಿಯದು ಆರಿಲ್ಲವೆಂದುಕೊಂಡಿದ್ದೆ."

ಕೆಲಸ ಬಲ್ಲ ವಿದ್ಯುತ್ಕರ್ಮಿಯೊಬ್ಬನನ್ನು ಕರೆಸಿ ಬಿಚ್ಚಿಸಿದಾಗ ವಿಷಯ ಹೊರಬಿದ್ದಿತು. ಗೀಸರಿನ ಶಾಖದ ಸುರುಳಿಯ ಮೇಲಿರುವ ಲೋಹದ ಕವಚ ಒಂದೆಡೆ ಬಿರುಕು ಬಿಟ್ಟು, ಒಳಗಿನ ತಂತಿಗೂ ನೀರಿಗೂ ಸಂಪರ್ಕವುಂಟಾಗಿತ್ತು. ಇದು ಒಂದು ದೋಷ. ಎರಡನೆಯದು, ಬಚ್ಚಲಿನ ಸ್ವಿಚ್ಚನ್ನು ಜೋಡಿಸಿದವರು ಯಾರೋ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದರು. ಸ್ವಿಚ್ಚು ಯಾವಾಗಲೂ ಫೇಸ್ ತಂತಿಯನ್ನು, ಎಂದರೆ ೨೩೦ ವೋಲ್ಟಿನ ಜೀವಂತ ತಂತಿಯನ್ನು ಕಡಿಯಬೇಕು. ಇಲ್ಲಿ ಅದು ನ್ಯೂಟ್ರಲ್ ತಂತಿಯನ್ನು ಕಡಿಯುತ್ತಿತ್ತು. ನ್ಯೂಟ್ರಲ್ ಕಡಿದರೂ ಗೀಸರು ಆರುವುದು ನಿಜ, ಏಕೆಂದರೆ ಪ್ರವಾಹಕ್ಕೆ ಹಿಂದಿರುಗುವ ದಾರಿಯಿಲ್ಲ. ಆದರೆ ಸುರುಳಿ ಹಗಲಿರುಳೂ ಜೀವಂತ ತಂತಿಗೆ ಸೇರಿಕೊಂಡೇ ಇರುವುದು. ಕವಚ ಬಿರುಕುಬಿಟ್ಟ ಮೇಲೆ ಪ್ರವಾಹಕ್ಕೆ ಹೊಸ ದಾರಿಯೊಂದು ದೊರಕಿತು: ಸುರುಳಿಯಿಂದ ನೀರಿಗೆ, ನೀರಿನಿಂದ ಗೀಸರಿನ ಲೋಹದ ಮೈಗೆ, ಅಲ್ಲಿಂದ ಭೂಸಂಪರ್ಕದ ತಂತಿಯ ಮೂಲಕ ಮಣ್ಣಿಗೆ. ೪೭ ವಾಟನ್ನು ೨೩೦ ವೋಲ್ಟಿನಿಂದ ಭಾಗಿಸಿದರೆ ಈ ಸೋರಿಕೆ ಸುಮಾರು ೦.೨ ಆಂಪೇರ್ ಎಂದಾಗುವುದು. ೧೬ ಆಂಪೇರಿಗೆ ಮೇಲ್ಪಟ್ಟಾಗ ಕಡಿಯುವ ಕೀಲಿಗೆ ಇಷ್ಟು ಕ್ಷುದ್ರ ಪ್ರವಾಹ ಲೆಕ್ಕಕ್ಕೇ ಇಲ್ಲ. ಮನುಷ್ಯನ ದೇಹಕ್ಕಾದರೋ ಲೆಕ್ಕವುಂಟು. ಪ್ರಾಣರಕ್ಷಣೆಗಾಗಿ ಅಳವಡಿಸುವ ಸೋರಿಕೆ-ವಿಚ್ಛೇದಕ ಸಾಧನಗಳನ್ನು ೦.೦೩ ಆಂಪೇರಿನಲ್ಲಿಯೇ ಸಂಪರ್ಕ ಕಡಿಯುವಂತೆ ನಿರ್ಮಿಸಿರುತ್ತಾರೆ. ಇಲ್ಲಿದ್ದುದು ಅದರ ಆರೇಳು ಪಟ್ಟು. ಅಂಥ ಸಾಧನ ಆ ಮನೆಯಲ್ಲಿರಲಿಲ್ಲ. ಅಷ್ಟು ದಿನ ಯಾರಿಗೂ ಅಪಾಯವಾಗದಿದ್ದುದು ಹಸಿರು ಬಣ್ಣದ ಭೂಸಂಪರ್ಕದ ತಂತಿಯೊಂದು ತನ್ನ ಸ್ಥಾನದಲ್ಲಿ ಭದ್ರವಾಗಿದ್ದುದರಿಂದ. ಅದರ ತಿರುಪು ಸಡಿಲವಾಗಿದ್ದಿದ್ದರೆ ಗೀಸರಿನ ಮೈಯೂ ನಲ್ಲಿಯೂ ನೀರೂ ೨೩೦ ವೋಲ್ಟಿಗೆ ಏರಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನಲ್ಲಿ ತಿರುಗಿಸಿದವರು ಉಳಿಯುತ್ತಿರಲಿಲ್ಲ. ಚೀಟಿಯ ಮೊತ್ತ ಹೆಚ್ಚಾದುದನ್ನು ಹುಡುಕಿಕೊಂಡು ಹೊರಟವರಿಗೆ ಸಿಕ್ಕಿದುದು ಇದು.

ಲೆಕ್ಕದ ಒಂದು ಅಂಶ ಉಳಿದಿದೆ. ೪೭ ವಾಟ್ ಹಗಲಿರುಳೂ ೩೦ ದಿನ ಹರಿದರೆ ೩೪ ಯೂನಿಟ್ ಆಗಬೇಕು. ಚೀಟಿಯಲ್ಲಿ ಏರಿದ್ದುದು ೨೫ ಮಾತ್ರ. ಉಳಿದ ೯ ಯೂನಿಟ್ ಎಲ್ಲಿ? ತಾಯಿಯವರ ಮಾತೇ ಅದಕ್ಕೆ ಉತ್ತರ. ಸೋರಿಕೆಯ ಶಾಖವೆಲ್ಲ ಉತ್ಪನ್ನವಾಗುತ್ತಿದ್ದುದು ಗೀಸರಿನೊಳಗಣ ೧೫ ಲೀಟರ್ ನೀರಿನಲ್ಲಿಯೇ. ರಾತ್ರಿಯ ಹತ್ತು ಗಂಟೆಗಳಲ್ಲಿ ೪೭ ವಾಟ್ ಸುಮಾರು ೧೭ ಲಕ್ಷ ಜೂಲನ್ನು ಕೊಡುವುದು. ಹೊರಗೆ ಸೋರಿಹೋಗದಿದ್ದರೆ ಅದರಿಂದ ಆ ನೀರಿನ ಉಷ್ಣತೆ ೨೭ ಡಿಗ್ರಿಯಷ್ಟು ಏರಬಹುದು. ಸೋರಿಹೋಗುವುದರಿಂದ ಅಷ್ಟಿಲ್ಲದಿದ್ದರೂ ನೀರು ಬೆಚ್ಚಗಾಗುತ್ತದೆ. ಬೆಳಿಗ್ಗೆ ಸ್ವಿಚ್ಚು ಹಾಕಿದಾಗ ಗೀಸರಿಗೆ ಅಷ್ಟು ಕೆಲಸ ಕಡಿಮೆ. ದಿನಕ್ಕೆ ೦.೩ ಯೂನಿಟ್ಟಿನಂತೆ ತಿಂಗಳಿಗೆ ೯ ಯೂನಿಟ್ ಹೀಗೆ ಹಿಂದಿರುಗಿ ಬರುತ್ತಿದ್ದಿರಬೇಕು. ಶಕ್ತಿಯ ನಿತ್ಯತ್ವದ ನಿಯಮವನ್ನು ಬಚ್ಚಲುಮನೆಯಲ್ಲಿ ಪರೀಕ್ಷಿಸುವ ಅವಕಾಶ ಎಲ್ಲರಿಗೂ ಒದಗಲಾರದು, ಒದಗದಿರುವುದೇ ಲೇಸು.

ಗೀಸರಿನ ಮಾತು ಬಂದುದರಿಂದ ಅದನ್ನೇ ಮುಂದುವರಿಸುತ್ತೇನೆ, ಏಕೆಂದರೆ ಮನೆಯ ವಿದ್ಯುತ್ತನ್ನು ನುಂಗುವುದರಲ್ಲಿ ಅದರದೇ ಅಗ್ರಸ್ಥಾನ. ನೀರು ಶಾಖವನ್ನು ಹೀರುವುದರಲ್ಲಿ ಬಹಳ ಹಸಿದ ವಸ್ತು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ೪೨೦೦ ಜೂಲ್ ಬೇಕು. ಚಳಿಗಾಲದ ಬೆಳಿಗ್ಗೆ ೨೦ ಡಿಗ್ರಿಯಿರುವ ೧೮ ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನಕ್ಕೆ ಹಿತವಾದ ೪೨ ಡಿಗ್ರಿಗೆ ಏರಿಸಲು ೧೮ × ೪೨೦೦ × ೨೨, ಎಂದರೆ ಸುಮಾರು ೧೬.೬ ಲಕ್ಷ ಜೂಲ್, ಅರ್ಧ ಯೂನಿಟ್ಟಿಗೆ ಸ್ವಲ್ಪ ಕಡಿಮೆ. ನಾಲ್ವರಿರುವ ಮನೆಯಲ್ಲಿ ನಾಲ್ಕು ಬಕೆಟ್ಟಿಗೆ ದಿನಕ್ಕೆ ೧.೮೫ ಯೂನಿಟ್, ತಿಂಗಳಿಗೆ ೫೫. ಸುರಿಮಳೆಯಂತೆ ನೀರು ಬೀಳುವ ಶವರಿನ ಕೆಳಗೆ ಹತ್ತು ನಿಮಿಷ ನಿಂತವರು ನಾಲ್ಕೈದು ಬಕೆಟ್ ಮುಗಿಸಿರುತ್ತಾರೆ.

ಈ ೫೫ನ್ನು ಕಡಿಮೆ ಮಾಡುವ ಉಪಾಯವಾಗಿ ಜನರಲ್ಲಿ ಕೆಲವು ನಂಬಿಕೆಗಳಿವೆ. ೩೦೦೦ ವಾಟಿನ ಗೀಸರು ೧೦೦೦ ವಾಟಿನದಕ್ಕಿಂತ ಮೂರು ಪಟ್ಟು ತಿನ್ನುವುದೆಂಬುದು ಒಂದು. ತಿನ್ನುವ ವೇಗ ಮೂರು ಪಟ್ಟು ನಿಜ, ಆದರೆ ಕಾಲ ಮೂರರಲ್ಲೊಂದು ಭಾಗ. ಅದೇ ಬಕೆಟ್ ನೀರಿಗೆ ಅದೇ ಶಕ್ತಿ. ಗೀಸರನ್ನು ಆರಿಸದೆ ಇಡೀ ದಿನ ಬಿಟ್ಟರೆ, ಮತ್ತೆ ಮತ್ತೆ ಕಾಯಿಸುವುದು ತಪ್ಪಿ ಉಳಿತಾಯವಾಗುವುದೆಂಬುದು ಇನ್ನೊಂದು. ಇದು ಪೂರ್ಣವಾಗಿ ತಪ್ಪು. ಬಿಸಿ ನೀರು ಸುತ್ತಣ ಗಾಳಿಗೆ ಶಾಖವನ್ನು ಕಳೆದುಕೊಳ್ಳುವ ವೇಗ ಎರಡರ ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಸದಾ ಬಿಸಿಯಾಗಿಟ್ಟರೆ ಅಂತರ ಸದಾ ಹೆಚ್ಚು. ನಷ್ಟವೂ ಸದಾ ಹೆಚ್ಚು. ಈ ನಷ್ಟ ೩೦ ವಾಟೆಂದು ಇಟ್ಟುಕೊಂಡರೂ ತಿಂಗಳಿಗೆ ೨೧ ಯೂನಿಟ್ಟಿನ ಮೇಲಾಯಿತು. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಸ್ನಾನ ಮುಗಿಯುವ ಮುನ್ನ ಆರಿಸುವುದೇ ಸರಿ. ಮುಳುಗಿಸುವ ಕಡ್ಡಿಯಿಂದ ಬಕೆಟ್ಟಿನಲ್ಲಿಯೇ ಕಾಯಿಸಿದರೆ ಶಕ್ತಿಯ ದೃಷ್ಟಿಯಿಂದ ಗೀಸರಿಗಿಂತ ಕೀಳಲ್ಲ. ಅಪಾಯದ ದೃಷ್ಟಿಯಿಂದ ಬಹಳ ಕೀಳು. ಅದು ಚಾಲೂ ಇರುವಾಗ ನೀರಿಗೆ ಬೆರಳಿಟ್ಟು ನೋಡುವ ಅಭ್ಯಾಸ ಇನ್ನೂ ಎಷ್ಟೋ ಮನೆಗಳಲ್ಲಿ ಉಂಟು.

ನೀರು ಕಾಯಿಸಲು ವಿದ್ಯುತ್ತೇ ತಕ್ಕುದಲ್ಲವೆಂಬುದು ನನ್ನ ಅಭಿಪ್ರಾಯ. ರಾಯಚೂರಿನಂಥ ಉಷ್ಣ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲನ್ನು ಉರಿಸಿದಾಗ ಬರುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುವುದು. ಉಳಿದುದು ಗಾಳಿಗೂ ನೀರಿಗೂ ಹೋಗುವುದು. ಅಷ್ಟು ಕಷ್ಟಪಟ್ಟು ಪಡೆದ ವಿದ್ಯುತ್ತನ್ನು ತಂದು ಮತ್ತೆ ಶಾಖವನ್ನೇ ಮಾಡುವುದು, ಗಂಧದ ಕೊರಡನ್ನು ಸೌದೆಯಾಗಿ ಉರಿಸಿದಂತೆ. ಮಲೆನಾಡಿನ ಬಚ್ಚಲುಗಳಲ್ಲಿ ಹಂಡೆಯ ಒಲೆಗೆ ತೆಂಗಿನ ಮಟ್ಟೆ, ಅಡಕೆಯ ಸೋಗೆಗಳನ್ನು ತುಂಬುವ ವಾಡಿಕೆ ಈ ದೃಷ್ಟಿಯಿಂದ ಜಾಣತನದ್ದೇ. ನಗರಗಳಲ್ಲಿ ಬಿಸಿಲು ಆ ಕೆಲಸ ಮಾಡಬಲ್ಲದು. ಮಾಳಿಗೆಯ ಮೇಲಣ ೧೦೦ ಲೀಟರಿನ ಸೌರ ಜಲತಾಪಕ ನೀರನ್ನು ೨೨ ಡಿಗ್ರಿಯಿಂದ ೫೭ಕ್ಕೆ ಏರಿಸಿತೆಂದರೆ ಆ ದಿನ ೪ ಯೂನಿಟ್ಟಿನಷ್ಟು ಶಾಖವನ್ನು ಬಿಟ್ಟಿಯಾಗಿ ಕೊಟ್ಟಂತೆ. ಬೆಂಗಳೂರಿನ ಮನೆಗಳ ತಲೆಯ ಮೇಲೆ ಈ ತಾಪಕಗಳು ಸಾಲುಸಾಲಾಗಿ ಕಾಣುವುದು ಸುಮ್ಮನೆ ಅಲ್ಲ.

ಇನ್ನು ಓದುವ ಮಕ್ಕಳ ದೀಪ. ಕಾದ ತಂತಿಯ ಹಳೆಯ ೬೦ ವಾಟಿನ ಬಲ್ಬು ವಾಸ್ತವವಾಗಿ ಒಂದು ಪುಟ್ಟ ಒಲೆ. ಅದು ಸೆಳೆಯುವ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಾಗುವುದು ನೂರರಲ್ಲಿ ಐದರಷ್ಟು. ಅರೆವಾಹಕ ಸ್ಫಟಿಕದಿಂದ ಬೆಳಗುವ ಎಲ್.ಇ.ಡಿ. ಬಲ್ಬು ಅಷ್ಟೇ ಬೆಳಕನ್ನು ೯ ವಾಟಿನಲ್ಲಿ ಕೊಡುವುದು. ಇದು ಸಾಧ್ಯವಾದುದು ನೀಲಿ ಬೆಳಕನ್ನು ಚೆಲ್ಲುವ ಡಯೋಡಿನಿಂದ. ಅದನ್ನು ನಿರ್ಮಿಸಿದ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರಕಿತು. ಮರುವರ್ಷವೇ ಭಾರತದಲ್ಲಿ ಉಜಾಲಾ ಯೋಜನೆ ಆರಂಭವಾಗಿ, ಮುಂದೆ ೩೬ ಕೋಟಿಗೂ ಮಿಕ್ಕಿ ಎಲ್.ಇ.ಡಿ. ಬಲ್ಬುಗಳು ಅಗ್ಗದ ಬೆಲೆಗೆ ಮನೆಗಳನ್ನು ಸೇರಿದುವು. ಪ್ರಯೋಗಶಾಲೆಯ ಸಂಶೋಧನೆ ಹಳ್ಳಿಯ ಹಜಾರವನ್ನು ಇಷ್ಟು ಬೇಗ ತಲಪಿದ ನಿದರ್ಶನಗಳು ವಿರಳ.

ನಮ್ಮ ಹುಡುಗನ ಮನೆಯಲ್ಲಿ ಒಂದು ಎಲ್.ಇ.ಡಿ. ಬಲ್ಬನ್ನು ಮಾತ್ರ ಹಾಕಿ ನೋಡಿದಾಗ ಎರಡು ಮಿಣುಕುಗಳ ನಡುವೆ ಎರಡು ನಿಮಿಷಕ್ಕೂ ಹೆಚ್ಚು ಕಾದೆವು. ಅದೇ ಗೀಸರನ್ನು ಸರಿಪಡಿಸಿ ಹಾಕಿದಾಗ ಸೆಕೆಂಡಿಗೆ ಸುಮಾರು ಎರಡು ಮಿಣುಕು! ೨೦೦೦ ವಾಟಿನ ಗೀಸರು ಒಂದು ಗಂಟೆಯಲ್ಲಿ ತಿನ್ನುವ ಶಕ್ತಿಯಿಂದ ೯ ವಾಟಿನ ದೀಪ ೨೨೨ ಗಂಟೆ ಉರಿಯಬಲ್ಲದು. ರಾತ್ರಿ ಐದು ಗಂಟೆಗಳಂತೆ ತಿಂಗಳು ಪೂರ್ತಿ ಓದಿದರೂ ದೀಪದ ಖರ್ಚು ೧.೩೫ ಯೂನಿಟ್, ಎಂಟು ರೂಪಾಯಿ. "ದೀಪ ಆರಿಸು" ಎಂಬ ಹಿರಿಯರ ಗದರಿಕೆ ಅವರ ಕಾಲದ ಬಲ್ಬಿಗೆ ಯೋಗ್ಯವಾದುದು. ಈಗ ಅದರ ಬಹುಪಾಲು ಬಚ್ಚಲುಮನೆಯ ಕಡೆಗೆ ತಿರುಗಬೇಕು. ತಂದೆಯವರಿಗೆ ಈ ಲೆಕ್ಕವನ್ನು ತೋರಿಸಿದೆವು. ಅವರು ಒಪ್ಪಿದರೆಂದು ಹೇಳಲಾರೆ, ಸುಮ್ಮನಾದರು.

ಬೀಸಣಿಗೆಯ ವಿಚಾರದಲ್ಲಿ ಹಾಗಲ್ಲ. ಸಾಮಾನ್ಯ ಛಾವಣಿಯ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು ೭೫ ವಾಟ್ ತೆಗೆದುಕೊಳ್ಳುವುದು; ಮೀಟರು ೧೫ ಸೆಕೆಂಡಿಗೊಮ್ಮೆ ಮಿಣುಕುವುದು. ನೋಡಲು ಅಲ್ಪ, ಆದರೆ ಬೇಸಗೆಯಲ್ಲಿ ದಿನಕ್ಕೆ ೧೫ ಗಂಟೆ ತಿರುಗುವ ಒಂದೇ ಫ್ಯಾನು ತಿಂಗಳಿಗೆ ೩೪ ಯೂನಿಟ್ ತಿನ್ನುತ್ತದೆ. ಇಂಥವು ಮನೆಯಲ್ಲಿ ಮೂರು ನಾಲ್ಕು ಇರುತ್ತವೆ. ಈ ಫ್ಯಾನುಗಳ ಹಳೆಯ ಬಗೆಯ ಮೋಟಾರಿನಲ್ಲಿ, ತಿರುಗುವ ಭಾಗದಲ್ಲಿಯೂ ಪ್ರವಾಹವನ್ನು ಪ್ರೇರಿಸಬೇಕಾಗಿರುವುದರಿಂದ ಬಹಳಷ್ಟು ಶಕ್ತಿ ಶಾಖವಾಗಿ ಹೋಗುವುದು. ಅರ್ಧ ಗಂಟೆ ತಿರುಗಿದ ಫ್ಯಾನಿನ ನಡುಭಾಗ ಬಿಸಿಯಾಗಿರುವುದು ಇದರಿಂದಲೇ. ಬಿ.ಎಲ್.ಡಿ.ಸಿ. ಎಂದು ಕರೆಯುವ ಹೊಸ ಬಗೆಯ ಮೋಟಾರಿನಲ್ಲಿ ತಿರುಗುವ ಭಾಗ ಶಾಶ್ವತ ಅಯಸ್ಕಾಂತ. ಅದಕ್ಕೆ ಪ್ರವಾಹವೇ ಬೇಕಿಲ್ಲ. ಸುರುಳಿಗಳಿಗೆ ಯಾವ ಕ್ಷಣದಲ್ಲಿ ಪ್ರವಾಹ ಕೊಡಬೇಕೆಂಬುದನ್ನು ಎಲೆಕ್ಟ್ರಾನಿಕ್ ಮಂಡಲವೊಂದು ನಿರ್ಧರಿಸುವುದು. ಅದು ಅಷ್ಟೇ ಗಾಳಿಯನ್ನು ೩೦ ವಾಟಿನಷ್ಟರಲ್ಲಿ ಬೀಸುತ್ತದೆ. ತಿಂಗಳಿಗೆ ೨೦ ಯೂನಿಟ್, ೧೨೦ ರೂಪಾಯಿ ಉಳಿಯಿತು. ಎರಡು ಬಗೆಗಳ ಬೆಲೆಯ ಅಂತರ ೧೨೦೦ ರೂಪಾಯಿಯೆಂದು ಇಟ್ಟುಕೊಂಡರೆ ಇಷ್ಟು ಬಳಕೆಯ ಹತ್ತು ತಿಂಗಳುಗಳಲ್ಲಿ ತೀರುವುದು. ವರ್ಷಕ್ಕೆ ಎರಡು ತಿಂಗಳು ಮಾತ್ರ ಫ್ಯಾನು ಬೇಕಾಗುವ ಮಡಿಕೇರಿಯವರು ಈ ಗೋಜಿಗೆ ಹೋಗಬೇಕಿಲ್ಲ. ಮಂಗಳೂರಿನವರೂ ಕಲಬುರಗಿಯವರೂ ಯೋಚಿಸಬೇಕು. ಛಾವಣಿಯ ಫ್ಯಾನುಗಳಿಗೆ ದಕ್ಷತೆಯ ನಕ್ಷತ್ರಚೀಟಿ ೨೦೨೩ರ ಜನವರಿಯಿಂದ ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲಿ ಹೋಲಿಸಿ ನೋಡುವುದು ಸುಲಭ.

ವೇಗವನ್ನು ತಗ್ಗಿಸಿದರೆ ಉಳಿತಾಯವಾಗುವುದೆ? ಗಾಳಿಯನ್ನು ತಳ್ಳಲು ಬೇಕಾಗುವ ಸಾಮರ್ಥ್ಯ ವೇಗದ ಘನವನ್ನು ಅನುಸರಿಸುವುದು. ಅರ್ಧ ವೇಗಕ್ಕೆ ಎಂಟರಲ್ಲೊಂದು ಭಾಗ ಸಾಕು. ಆದರೆ ಹಳೆಯ ದಪ್ಪ ಪೆಟ್ಟಿಗೆಯಂಥ ರೆಗ್ಯುಲೇಟರು ವೇಗವನ್ನು ತಗ್ಗಿಸುವುದು ತನ್ನೊಳಗಿನ ರೋಧಕದಲ್ಲಿ ಶಕ್ತಿಯನ್ನು ಸುಟ್ಟು. ಉಳಿತಾಯದ ಒಂದು ಪಾಲನ್ನು ಹೀಗೆ ಅದೇ ನುಂಗಿಬಿಡುವುದು. ಎಲೆಕ್ಟ್ರಾನಿಕ್ ರೆಗ್ಯುಲೇಟರಿಗೆ ಈ ದುರ್ಗುಣವಿಲ್ಲ. ಇನ್ನೊಂದು ಮಾತು: ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಆರಿಸಿ ನಮ್ಮನ್ನು ತಂಪು ಮಾಡುವುದು. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು ಆ ಕೋಣೆಯನ್ನು ಕಿಂಚಿತ್ ಬಿಸಿಯೇ ಮಾಡುತ್ತಿರುತ್ತದೆ.

ಶೀತಪೆಟ್ಟಿಗೆಯ ಬಾಗಿಲನ್ನು ತೆರೆಯುವುದರಿಂದಲೇ ಖರ್ಚು ಏರುವುದೆಂದು ಮಕ್ಕಳನ್ನು ಬೈಯುವುದೂ ರೂಢಿ. ಲೆಕ್ಕ ಹಾಕೋಣ. ೨೦೦ ಲೀಟರ್ ಗಾಳಿ ಪೂರ್ತಿ ಬದಲಾಯಿತೆಂದೇ ಇಟ್ಟುಕೊಂಡರೂ ಅದರ ತೂಕ ಕಾಲು ಕಿಲೊಗ್ರಾಂ. ಅದನ್ನು ೨೫ ಡಿಗ್ರಿ ತಣಿಸಲು ೬೦೦೦ ಜೂಲಿನಷ್ಟು ಶಾಖವನ್ನು ಹೊರದಬ್ಬಬೇಕು. ಗಾಳಿಯ ತೇವವನ್ನು ಸೇರಿಸಿದರೂ ೧೫,೦೦೦ ಜೂಲ್ ಮೀರದು. ಅದೇ ೭೦ ಡಿಗ್ರಿಯಲ್ಲಿ ಕುದಿಯಾರದ ಮೂರು ಲೀಟರ್ ಸಾರನ್ನು ಒಳಗಿಟ್ಟರೆ ಅದನ್ನು ೫ ಡಿಗ್ರಿಗೆ ಇಳಿಸಲು ೮ ಲಕ್ಷ ಜೂಲಿಗೂ ಹೆಚ್ಚು. ಐವತ್ತು ಸಲ ಬಾಗಿಲು ತೆರೆದುದಕ್ಕಿಂತ ಒಂದು ಪಾತ್ರೆ ಬಿಸಿ ಸಾರು ದುಬಾರಿ! ಹಾಗೆಂದು ಭಯಪಡಬೇಕಿಲ್ಲ. ಶೀತಪೆಟ್ಟಿಗೆ ಒಂದು ಜೂಲ್ ವಿದ್ಯುತ್ತಿನಿಂದ ಸುಮಾರು ಎರಡು ಜೂಲ್ ಶಾಖವನ್ನು ಹೊರಸಾಗಿಸಬಲ್ಲದು. ಆ ಸಾರಿನ ಖರ್ಚು ಎಪ್ಪತ್ತು ಪೈಸೆಯಷ್ಟು. ನಿಜವಾದ ನಷ್ಟವಿರುವುದು ಹಗಲಿರುಳೂ ಗೋಡೆಗಳ ಮೂಲಕ, ಸವೆದ ರಬ್ಬರಿನ ಅಂಚಿನ ಮೂಲಕ ಒಳನುಗ್ಗುವ ಶಾಖದಲ್ಲಿ. ಬಾಗಿಲಿನ ನಡುವೆ ಒಂದು ಕಾಗದವನ್ನಿಟ್ಟು ಮುಚ್ಚಿ ಎಳೆದು ನೋಡಿ. ತಡೆಯಿಲ್ಲದೆ ಬಂದರೆ ರಬ್ಬರು ಹೋಗಿದೆ. ಬೆನ್ನಿಗೂ ಗೋಡೆಗೂ ನಡುವೆ ಗಾಳಿಯಾಡಲು ಎಡೆಯಿರಬೇಕು.

ಹವಾನಿಯಂತ್ರಕದ ಬಗೆಗೆ ಹೆಚ್ಚು ಹೇಳುವುದಿಲ್ಲ. ಹೊರಗೆ ೩೮ ಡಿಗ್ರಿಯಿರುವಾಗ ಒಳಗೆ ೧೮ಕ್ಕೆ ಇಟ್ಟರೆ ಅಂತರ ೨೦, ೨೪ಕ್ಕೆ ಇಟ್ಟರೆ ೧೪. ಒಳನುಗ್ಗುವ ಶಾಖವೂ ಅದೇ ಪ್ರಮಾಣದಲ್ಲಿ. ೧೮ಕ್ಕೆ ಇಟ್ಟರೆ ಕೋಣೆ ಬೇಗ ತಣಿಯುವುದೆಂಬುದು ಭ್ರಮೆ.

ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ತಿನ್ನುವವೂ ಇವೆ. ದೂರದರ್ಶನವನ್ನು ಆರಿಸಿದ ಮೇಲೂ ಅದರ ಜೊತೆಯ ಸೆಟ್‌ಟಾಪ್ ಪೆಟ್ಟಿಗೆ ಹಿಂದಿನಂತೆಯೇ ಬಿಸಿಯಾಗಿರುವುದನ್ನು ಕೈಯಿಟ್ಟು ನೋಡಿ. ೧೦ ವಾಟೆಂದರೂ ವರ್ಷಕ್ಕೆ ೮೮ ಯೂನಿಟ್ ಆಗುವುದು. ಅದನ್ನು ಗೋಡೆಯ ಸ್ವಿಚ್ಚಿನಿಂದಲೇ ಆರಿಸಬೇಕು. ಫೋನು ಸೇರಿಸದೆ ಬಿಟ್ಟ ಚಾರ್ಜರಿನ ಬಗೆಗೆ ಪತ್ರಿಕೆಗಳಲ್ಲಿ ಬರುವ ಎಚ್ಚರಿಕೆಗಳು ಮಾತ್ರ ಅತಿಯಾದುವು. ಇಂದಿನ ಚಾರ್ಜರುಗಳು ಖಾಲಿಯಾಗಿರುವಾಗ ಒಂದು ವಾಟನ್ನೂ ತೆಗೆದುಕೊಳ್ಳುವುದಿಲ್ಲ.

ಕೊನೆಯದಾಗಿ, ಪೇಟೆಯಲ್ಲಿ ಮಾರುವ ಒಂದು ಪುಟ್ಟ ಪೆಟ್ಟಿಗೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮೂರನೆಯ ಒಂದು ಭಾಗ ವಿದ್ಯುತ್ತು ಉಳಿಯುವುದೆಂದು ಅದನ್ನು ಮಾರುವವರು ಹೇಳುತ್ತಾರೆ. ಆ ತಂದೆಯವರೂ ಗಾಬರಿಯಲ್ಲಿ ಒಂದನ್ನು ಕೊಂಡಿದ್ದರು. ಇಂಥ ಪೆಟ್ಟಿಗೆಗಳ ಒಳಗಿರುವುದು ಸಾಮಾನ್ಯವಾಗಿ ಒಂದು ವಿದ್ಯುತ್ ಧಾರಕ ಮತ್ತು ಹಸಿರು ದೀಪ. ಅದರ ಹಿಂದೆ ಅರ್ಧ ಸತ್ಯವೊಂದಿದೆ. ಪರ್ಯಾಯ ಪ್ರವಾಹದಲ್ಲಿ ಮೋಟಾರಿನಂಥ ಉಪಕರಣ ಪ್ರತಿ ಸೆಕೆಂಡಿಗೆ ನೂರು ಸಲ ಸ್ವಲ್ಪ ಶಕ್ತಿಯನ್ನು ತನ್ನ ಕಾಂತಕ್ಷೇತ್ರದಲ್ಲಿ ಕೂಡಿಟ್ಟುಕೊಂಡು ಹಿಂದಕ್ಕೆ ಕೊಡುತ್ತಿರುವುದು. ಈ ಬಂದುಹೋಗುವ ಶಕ್ತಿಯಿಂದ ತಂತಿಗಳಲ್ಲಿ ಪ್ರವಾಹ ಹೆಚ್ಚುವುದು ನಿಜ; ಧಾರಕವೊಂದು ಹತ್ತಿರವಿದ್ದರೆ ಆ ಕೊಡುಕೊಳೆ ಅವೆರಡರ ನಡುವೆಯೇ ನಡೆದು, ಹೊರಗಿನ ತಂತಿಯ ಪ್ರವಾಹ ತಗ್ಗುವುದೂ ನಿಜ. ದೊಡ್ಡ ಕಾರಖಾನೆಗಳಿಗೆ ಇದರಿಂದ ಲಾಭವುಂಟು. ಆದರೆ ಮನೆಯ ಮೀಟರು ಎಣಿಸುವುದು ಹೋಗಿ ಹಿಂದಿರುಗಿದ ಶಕ್ತಿಯನ್ನಲ್ಲ, ಹೋಗಿ ಹಿಂದಿರುಗದೆ ಖರ್ಚಾದ ಶಕ್ತಿಯನ್ನು ಮಾತ್ರ. ಅದನ್ನು ಧಾರಕ ತಗ್ಗಿಸಲಾರದು.

ಮಾತಿನಿಂದ ಒಪ್ಪಿಸುವ ಬದಲು ಹುಡುಗನೇ ಪ್ರಯೋಗ ಮಾಡಿ ತೋರಿಸಿದನು. ಫ್ಯಾನೊಂದನ್ನೇ ನಡೆಸಿ ಹತ್ತು ಮಿಣುಕುಗಳ ಕಾಲವನ್ನು ಅಳೆದನು: ೧೫೦ ಸೆಕೆಂಡು. ಪೆಟ್ಟಿಗೆಯನ್ನು ಸಿಕ್ಕಿಸಿ ಮತ್ತೆ ಅಳೆದನು: ೧೪೯. ಆ ಒಂದು ಸೆಕೆಂಡು ಬೆರಳಿನ ತಪ್ಪೋ ಹಸಿರು ದೀಪದ ಪಾಲೋ ತಿಳಿಯದು. ತಂದೆಯವರು ಪೆಟ್ಟಿಗೆಯನ್ನು ಕಿತ್ತು ಮಗನ ಕೈಗೆ ಕೊಟ್ಟರು. ಅದು ಈಗ ನಮ್ಮ ಪ್ರಯೋಗಶಾಲೆಯಲ್ಲಿ ಬಿಚ್ಚಿದ ಸ್ಥಿತಿಯಲ್ಲಿದೆ. ಗೀಸರಿಗೆ ಹೊಸ ಸುರುಳಿಯೂ ಮನೆಗೆ ಸೋರಿಕೆ-ವಿಚ್ಛೇದಕವೂ ಬಂದಿವೆ. ಮುಂದಿನ ತಿಂಗಳ ಚೀಟಿಯಲ್ಲಿದ್ದುದು ೧೮೨ ಯೂನಿಟ್.